ಸೀಮೆ

ಶಿವಗಂಗೆ ಬೆಟ್ಟದ ನೆತ್ತಿಯಿಂದ ನೋಡಿದರೆ ನೆಲಮಂಗಲ, ಮಾಗಡಿ, ತುಮಕೂರು ತಾಲ್ಲೂಕುಗಳ ಹೊಲ, ಕೆರೆ, ಊರುಗಳು ಒಂದೇ ಹಾಸಾಗಿ ಕಾಣುತ್ತವೆ. ಇದು ಬಯಲುಸೀಮೆ. ‘ಸೀಮೆ’ ಸಂಸ್ಕೃತದ ‘ಸೀಮಾ’ದಿಂದ ಬಂದದ್ದು, ಮೂಲಾರ್ಥ ಎಲ್ಲೆ. ಬೈತಲೆಗೂ ಇದೇ ಬೇರಿನ ‘ಸೀಮಂತ’ ಎಂಬ ಹೆಸರಿದೆ. ಬಸುರಿಯ ಬೈತಲೆ ತೆಗೆಯುವ ಶಾಸ್ತ್ರವೇ ನಮ್ಮ ಮನೆಗಳ ಸೀಮಂತ. ಕನ್ನಡದಲ್ಲಿ ಗೆರೆಯ ಹೆಸರು ಗೆರೆಯೊಳಗಿನ ನಾಡಿಗೂ ಸಂದಿತು. ಆಮೇಲೆ ಹೊರಗಿನದಕ್ಕೂ: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. ಎಲ್ಲೆ, ನಾಡು, ಪರದೇಶ ಮೂರನ್ನೂ ಹೊತ್ತ ಈ ಪದದ ಔದಾರ್ಯ ನನಗೆ ಬಹಳ ಪ್ರಿಯ.

ಯುದ್ಧದ ನೆನಪೂ ಇದಕ್ಕಿದೆ. ವಿಜಯದಶಮಿಯಂದು ಊರ ಎಲ್ಲೆ ದಾಟುವ ಆಚರಣೆ ಸೀಮೋಲ್ಲಂಘನ. ಅರಸರು ದಂಡೆತ್ತಿ ಹೊರಡಲು ಶುಭದಿನವೆಂದು ನಂಬಿದ್ದರು. ಸೀಮೆ ದಾಟುವ ಕಾರಣಗಳು ಎಲ್ಲ ಕಾಲಕ್ಕೂ ಸಿಗುತ್ತವೆ. 1939ರಲ್ಲಿ ಲೆನಿನ್‌ಗ್ರಾಡಿನ ರಕ್ಷಣೆಗೆಂದು ಗಡಿ ಹಿಂದೆ ಸರಿಸುವಂತೆ ಸೋವಿಯತ್ ಒಕ್ಕೂಟ ಫಿನ್ಲೆಂಡನ್ನು ಕೇಳಿತು. ಒಪ್ಪದಿದ್ದಾಗ ನವೆಂಬರ್ 30ರಂದು ಸೇನೆ ನುಗ್ಗಿತು. ಮುಂದಿನ ಮಾರ್ಚ್‌ನ ಒಪ್ಪಂದದಲ್ಲಿ ಫಿನ್ಲೆಂಡಿಗೆ ತನ್ನ ಕರೇಲಿಯ ಪ್ರಾಂತ್ಯದ ಬಹುಭಾಗ ಕೈಬಿಟ್ಟಿತು, ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆ ತೊರೆದರು.

ನಮ್ಮ ಜಗಳಗಳಿಗೆ ‘ಗಡಿ’ಯೇ ಬಳಕೆಯ ಮಾತು. ಗಡಿಕಾಳಗದಲ್ಲಿ ಮಡಿದವರ ವೀರಗಲ್ಲುಗಳು ನಾಡಿನಲ್ಲಿವೆ. ಈ ಕಾಲದಲ್ಲಿ ಆಯೋಗದ ವರದಿಗಳಿವೆ: 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ, ಬೆಳಗಾವಿ ನಮ್ಮಲ್ಲೇ ಉಳಿಯಲಿ, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ನಮಗೆ ಸೇರಲಿ ಎಂದಿತು. ಆ ಕನ್ನಡ ಸೀಮೆ ಇಂದಿಗೂ ಕೇರಳದಲ್ಲಿದೆ.