ಬಿಸಿಲಿಗೆ ನಿಂತವರು

ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಹಳೇ ಮನೆಗಳಲ್ಲಿ ಟ್ರಂಕು ತೆರೆದರೆ 1960-70ರ ದಶಕದ ಫೋಟೊಗಳು ಸಿಗುತ್ತವೆ. ಅಂಗೈಗಿಂತ ಚಿಕ್ಕ ಚೌಕ, ಸುತ್ತ ಬಿಳಿ ಅಂಚು. ಮನೆ ಮುಂದೆ ಸಾಲಾಗಿ ನಿಂತ ಜನ, ತಲೆಯಿಂದ ಕಾಲಿನವರೆಗೆ. ಎಲ್ಲರ ಕಣ್ಣೂ ಕಿರಿದು, ಮುಖ ಗಂಟು. ಹಳ್ಳಿಯವರಿಗೆ ಕ್ಯಾಮೆರಾ ಅಂದ್ರೆ ಭಯ ಇತ್ತು ಅಂತ ಆಫೀಸಿನಲ್ಲಿ ಗೆಳೆಯನೊಬ್ಬ ವಿವರಣೆ ಕೊಟ್ಟ. ನನಗೇನೋ ಕಾರಣ ಜನರಲ್ಲಿಲ್ಲ, ಡಬ್ಬಿಯಲ್ಲಿದೆ ಅನ್ಸುತ್ತೆ.

1900ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿ ಬ್ರೌನಿ ಅನ್ನೋ ಕ್ಯಾಮೆರಾವನ್ನು ಒಂದು ಡಾಲರಿಗೆ ಮಾರಿತು. ರಟ್ಟಿನ ಪೆಟ್ಟಿಗೆ, ಮುಂದೆ ಸಾದಾ ಲೆನ್ಸು, ಹಿಂದೆ ರೋಲು. ಫೋಕಸ್ ಮಾಡೋ ಗೋಜೇ ಇಲ್ಲ. ಸ್ಕೂಲು ಮಕ್ಕಳೂ ಫೋಟೊ ತೆಗೆಯೋ ಹಾಗಾಯ್ತು. ನಮ್ಮಲ್ಲಿ ಆ ಕೆಲಸ ಮಾಡಿದ್ದು ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್‌ನಲ್ಲಿ ತಯಾರಾದ ಆಗ್ಫಾ ಕ್ಲಿಕ್ 3. ನೋಡೋಕೆ ಡಬ್ಬಿ ಥರ ಇಲ್ಲ, ಕಣ್ಣಿಗೆ ಹಿಡಿದು ಒತ್ತೋದು. ಹೊಟ್ಟೆಯೊಳಗಿನ ಲೆಕ್ಕ ಮಾತ್ರ ಅದೇ. 120 ರೋಲು ಹಾಕಿದರೆ 12 ಫೋಟೊ. 1967ರಿಂದ ಊಟಿಯ ಹಿಂದೂಸ್ತಾನ್ ಫೋಟೊ ಫಿಲಂಸ್ ನಮ್ಮ ದೇಶದಲ್ಲೇ ಫಿಲಂ ತಯಾರಿಸತೊಡಗಿತು.

ಈಗ ಲೆಕ್ಕ ನೋಡಿ. ಶಟರ್ ತೆರೆಯೋದು ಸೆಕೆಂಡಿನ 30ನೇ ಒಂದು ಪಾಲಿನ ಆಸುಪಾಸು. ಲೆನ್ಸಿನ ಕಿಂಡಿ ಚಿಕ್ಕದು. ಮನೆಯೊಳಗಿನ ಮಬ್ಬಿನಲ್ಲಿ ಏನೂ ಮೂಡಲ್ಲ, ಹಾಗಾಗಿ ಎಲ್ಲರೂ ಅಂಗಳಕ್ಕೆ. ಸೂರ್ಯ ಫೋಟೊ ತೆಗೆಯೋನ ಬೆನ್ನಿಗಿರಬೇಕು ಅನ್ನೋದು ಆಗಿನ ನಿಯಮ, ಅಂದರೆ ನಿಂತವರ ಕಣ್ಣಿಗೆ ನೇರ ಬಿಸಿಲು. ಹತ್ತು ಅಡಿಗಿಂತ ಹತ್ತಿರ ಬಂದರೆ ಮಸುಕು, ಆದ್ದರಿಂದ ಯಾರ ಮುಖವೂ ಹತ್ತಿರದಿಂದ ಇಲ್ಲ. ನೆಗೆಟಿವನ್ನು ಕಾಗದದ ಮೇಲಿಟ್ಟು ಬೆಳಕು ಬಿಟ್ಟರೆ ಅಷ್ಟೇ ಅಳತೆಯ ಪ್ರಿಂಟು. ದೊಡ್ಡದು ಮಾಡಿಸೋ ಖರ್ಚಿಲ್ಲ.

ಆ ಖರ್ಚು ಬರ್ತಿದ್ದದ್ದು ಯಾರಾದರೂ ತೀರಿಕೊಂಡಾಗ. ನಮ್ಮಜ್ಜಿ ಹೋದಾಗ ಇದ್ದದ್ದು ಇಂಥದೇ ಒಂದು ಫೋಟೊ, ಏಳು ಜನರ ನಡುವೆ. ನೆಗೆಟಿವಿನಲ್ಲಿ ಅಜ್ಜಿಯ ಮುಖ ತೊಗರಿಬೇಳೆಯಷ್ಟು. ಸ್ಟುಡಿಯೊದವರು ಅದನ್ನೇ ಹಿಗ್ಗಿಸಿ, ಕಣ್ಣು, ಹುಬ್ಬು ತಿದ್ದಿ ಕಟ್ಟು ಹಾಕಿಸಿಕೊಟ್ಟರು. "ಇದು ನಮ್ಮಮ್ಮ ಅಲ್ಲ ಕಣೋ" ಅಂತ ದೊಡ್ಡಮ್ಮ ಈಗಲೂ ಅಂತಾರೆ. ಗೋಡೆ ಮೇಲಿನ ಅಜ್ಜಿಯ ಕಣ್ಣು ಅಗಲವಾಗಿ ತೆರೆದಿವೆ, ಹಣೆಯಲ್ಲಿ ಒಂದು ಗೆರೆಯೂ ಇಲ್ಲ.

ಹೋದ ವರ್ಷ ಆ ನೆಗೆಟಿವ್ ಸ್ಕ್ಯಾನ್ ಮಾಡಿಸಿದೆ. ಬಿಸಿಲಿಗೆ ಮುಖ ಹಿಂಡಿಕೊಂಡ ನಿಜವಾದ ಅಜ್ಜಿ ಅಲ್ಲಿದ್ದಾಳೆ, ಸ್ವಲ್ಪ ಮಸುಕಾಗಿ. ದೊಡ್ಡಮ್ಮನಿಗೆ ಫೋನಿನಲ್ಲಿ ತೋರಿಸಿದೆ. ತುಂಬಾ ಹೊತ್ತು ನೋಡಿದರು. ಆಮೇಲೆ ಚಿತ್ರದ ಕೆಳಗಡೆ ಬೆರಳಿಟ್ಟರು. ನೆಲದ ಮೇಲೆ, ಅಜ್ಜಿಯ ಕಾಲಿನ ಹತ್ತಿರದವರೆಗೂ ಚಾಚಿದ ಒಂದು ನೆರಳು, ಎರಡೂ ಮೊಣಕೈ ಎತ್ತಿಕೊಂಡು ನಿಂತದ್ದು. "ಇವನು ನಮ್ಮ ಚಿಕ್ಕಪ್ಪ, ಕ್ಯಾಮೆರಾ ಅವನದೇ" ಅಂದರು. ಅವರದು ಬೇರೆ ಫೋಟೊ ಮನೆಯಲ್ಲಿ ಒಂದೂ ಇಲ್ಲ.