ಇಂಗ್ಲೆಂಡಿನಲ್ಲಿ ವಾಹನ ದಂಡ ಬಾಕಿ ಉಳಿದರೆ ಬೇಲಿಫ್ ಬಾಗಿಲು ಒಡೆಯುತ್ತಾರೆಯೇ?

ಇಂಗ್ಲೆಂಡಿಗೆ ಹೋಗಿ ಕಾರು ಕೊಂಡ ಕನ್ನಡಿಗರ ನಡುವೆ ಎರಡು ಮಾತು ಓಡಾಡುತ್ತವೆ. ಒಂದು: ಪಾರ್ಕಿಂಗ್ ದಂಡ ಕಟ್ಟದಿದ್ದರೆ ಬೇಲಿಫ್‌ಗಳು ಬಂದು ಬಾಗಿಲು ಒಡೆದು ಟಿವಿ, ಲ್ಯಾಪ್‌ಟಾಪ್ ಎಲ್ಲ ಎತ್ತಿಕೊಂಡು ಹೋಗುತ್ತಾರೆ, ವೀಸಾಕ್ಕೂ ಕುತ್ತು. ಇನ್ನೊಂದು: ಬಾಗಿಲು ತೆಗೆಯದೆ ಸುಮ್ಮನಿದ್ದುಬಿಡಿ, ಸ್ವಲ್ಪ ದಿನ ಬಂದು ಹೋಗಿ ತಾವೇ ಕೈಬಿಡುತ್ತಾರೆ. ಎರಡರಲ್ಲೂ ಒಂದಿಷ್ಟು ನಿಜ ಇದೆ. ಆದರೆ ಯಾವುದನ್ನು ಪೂರ್ತಿ ನಂಬಿ ನಡೆದರೂ ನಷ್ಟವೇ.

ಮೊದಲು ಬೇಲಿಫ್ ಎಂದರೆ ಯಾರು ಎಂಬುದು ಗೊತ್ತಿರಲಿ. ನಮ್ಮ ಕೋರ್ಟುಗಳಲ್ಲಿ ಜಪ್ತಿಗೆ ಬರುವ ಅಮೀನರ ಕೆಲಸವನ್ನೇ ಅಲ್ಲಿ ಇವರು ಮಾಡುತ್ತಾರೆ. ಕಾನೂನಿನಲ್ಲಿ ಇವರ ಹೆಸರು ‘ಎನ್‌ಫೋರ್ಸ್‌ಮೆಂಟ್ ಏಜೆಂಟ್’. ವಾಹನ ದಂಡದ ವಸೂಲಿಗೆ ಬರುವವರು ಸಾಮಾನ್ಯವಾಗಿ ಸರ್ಕಾರಿ ನೌಕರರಲ್ಲ. ಖಾಸಗಿ ಕಂಪನಿಯವರು, ಆದರೆ ಕೌಂಟಿ ಕೋರ್ಟ್ ಕೊಟ್ಟ ಪ್ರಮಾಣಪತ್ರ ಇರುವವರು. ಅವರ ಅಧಿಕಾರ, ಶುಲ್ಕ, ಬರಬಹುದಾದ ಹೊತ್ತು ಎಲ್ಲವೂ 2014ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳಲ್ಲಿ ಬರೆದಿದೆ. ಮುಂದೆ ಹೇಳುವುದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಸ್ಕಾಟ್ಲೆಂಡಿನ ಕಾನೂನು ಬೇರೆ, ಅಲ್ಲಿ ಈ ಕೆಲಸ ಮಾಡುವವರು ಶೆರಿಫ್ ಆಫೀಸರುಗಳು.

35 ಪೌಂಡ್ 415 ಆಗುವ ಬಗೆ

ಲಂಡನ್ನಿನ ಪೂರ್ವಕ್ಕೆ ಥೇಮ್ಸ್ ನದಿ ದಾಟುವ ಡಾರ್ಟ್‌ಫರ್ಡ್ ಕ್ರಾಸಿಂಗ್ ಇದೆ. 2014ರ ನವೆಂಬರ್‌ನಿಂದ ಅಲ್ಲಿ ಟೋಲ್ ಗೇಟೇ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಮರುದಿನ ಮಧ್ಯರಾತ್ರಿಯೊಳಗೆ ನಾವೇ ಆನ್‌ಲೈನಿನಲ್ಲಿ ಅಥವಾ ಫೋನಿನಲ್ಲಿ ಹಣ ಕಟ್ಟಬೇಕು. ಫಾಸ್ಟ್ಯಾಗ್‌ನಿಂದ ದುಡ್ಡು ತಾನೇ ಕತ್ತರಿಸಿಹೋಗುವುದಕ್ಕೆ ಒಗ್ಗಿಕೊಂಡವರು ಮರೆಯುವುದು ಸಹಜ.

ಮರೆತರೆ ಕಾರಿನ ನೋಂದಾಯಿತ ವಿಳಾಸಕ್ಕೆ 70 ಪೌಂಡಿನ ‘ಪೆನಾಲ್ಟಿ ಚಾರ್ಜ್ ನೋಟಿಸ್’ ಬರುತ್ತದೆ. ಎಲ್ಲರೂ ಇದನ್ನು ಪಿಸಿಎನ್ ಎನ್ನುತ್ತಾರೆ. 14 ದಿನದೊಳಗೆ ಕಟ್ಟಿದರೆ 35 ಪೌಂಡ್ ಸಾಕು. 28 ದಿನ ಕಳೆದರೂ ಕಟ್ಟದಿದ್ದರೆ, ತಕರಾರೂ ಸಲ್ಲಿಸದಿದ್ದರೆ, ‘ಚಾರ್ಜ್ ಸರ್ಟಿಫಿಕೇಟ್’ ಹೊರಟು ಮೊತ್ತ 105 ಆಗುತ್ತದೆ. ಅದಕ್ಕೂ ಉತ್ತರವಿಲ್ಲದಿದ್ದರೆ ಬಾಕಿಯನ್ನು ನಾರ್ಥಾಂಪ್ಟನ್‌ನಲ್ಲಿರುವ ಟ್ರಾಫಿಕ್ ಎನ್‌ಫೋರ್ಸ್‌ಮೆಂಟ್ ಸೆಂಟರ್‌ನಲ್ಲಿ ನೋಂದಾಯಿಸಿ ‘ಆರ್ಡರ್ ಫಾರ್ ರಿಕವರಿ’ ಕಳಿಸುತ್ತಾರೆ. ಅದರಲ್ಲಿ 21 ದಿನದ ಗಡುವು ಇರುತ್ತದೆ. ಆಮೇಲೆ ಜಪ್ತಿ ವಾರಂಟ್, ಆಮೇಲೆ ಬೇಲಿಫ್.

ಬೇಲಿಫ್ ಕಂಪನಿಯ ಮೊದಲ ಪತ್ರದ ಹೆಸರು ‘ನೋಟಿಸ್ ಆಫ್ ಎನ್‌ಫೋರ್ಸ್‌ಮೆಂಟ್’. ಆ ಪತ್ರ ಹೊರಟ ಕೂಡಲೇ 75 ಪೌಂಡ್ ಸೇರುತ್ತದೆ. ಪತ್ರದಲ್ಲಿ ಕೊಟ್ಟ ಗಡುವು ಮುಗಿದು ಅವರು ಮನೆಗೆ ಬಂದರೆ ಇನ್ನೂ 235. ವಸ್ತುಗಳನ್ನು ಎತ್ತಿಕೊಂಡು ಹರಾಜಿಗೆ ಹಾಕುವ ಹಂತ ತಲುಪಿದರೆ ಮತ್ತೆ 110. ಇವು 2014ರಲ್ಲಿ ನಿಗದಿಯಾದ ದರಗಳು, ಪರಿಷ್ಕರಣೆ ಆಗುತ್ತಿರುತ್ತವೆ, ನಿಮ್ಮ ಪತ್ರದಲ್ಲಿ ಇರುವುದನ್ನೇ ನೋಡಿಕೊಳ್ಳಿ. ಆ ಲೆಕ್ಕದಲ್ಲಿ 35ರಲ್ಲಿ ಮುಗಿಯಬೇಕಿದ್ದದ್ದು ಬೇಲಿಫ್ ಒಂದು ಸಲ ಬಾಗಿಲು ತಟ್ಟುವ ಹೊತ್ತಿಗೆ 415. ಕೋರ್ಟಿನ ನೋಂದಣಿ ಶುಲ್ಕ ಬೇರೆ.

ಇಲ್ಲಿ ನಮ್ಮ ರೂಢಿಯೇ ನಮಗೆ ತಿರುಗುಬಾಣ. ಕರ್ನಾಟಕದಲ್ಲಿ 2023ರ ಫೆಬ್ರವರಿಯಲ್ಲೂ 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲೂ ಬಾಕಿ ಇದ್ದ ಸಂಚಾರ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಸಿಕ್ಕಿತು. ಕಾದವರಿಗೆ ಲಾಭವಾಯಿತು, ಬೇಗ ಕಟ್ಟಿದವರು ಪೆಚ್ಚಾದರು. ಇಂಗ್ಲೆಂಡಿನಲ್ಲಿ ಅರ್ಧ ರಿಯಾಯಿತಿ ಸಿಗುವುದು ಮೊದಲ ಎರಡು ವಾರ ಮಾತ್ರ.

ಪತ್ರ ಬಂದೇ ಇಲ್ಲವಲ್ಲ?

ಹಾಗಿದ್ದರೆ ಇಷ್ಟೊಂದು ಪತ್ರ ಬಂದರೂ ಜನ ಯಾಕೆ ಸುಮ್ಮನಿರುತ್ತಾರೆ? ಎಷ್ಟೋ ಸಲ ಪತ್ರ ಅವರ ಕೈಸೇರಿಯೇ ಇರುವುದಿಲ್ಲ. ಪಿಸಿಎನ್ ಹೋಗುವುದು ಕಾರಿನ ‘ವಿ5ಸಿ’ ಎಂಬ ಲಾಗ್ ಬುಕ್‌ನಲ್ಲಿರುವ ವಿಳಾಸಕ್ಕೆ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ, ಪ್ರಾಜೆಕ್ಟಿನಿಂದ ಪ್ರಾಜೆಕ್ಟಿಗೆ ಊರು ಬದಲಿಸುವವರು ಬ್ಯಾಂಕಿಗೆ, ಆಫೀಸಿಗೆ, ಡ್ರೈವಿಂಗ್ ಲೈಸೆನ್ಸಿಗೆ ಹೊಸ ವಿಳಾಸ ಕೊಟ್ಟು ವಿ5ಸಿಯನ್ನು ಮರೆಯುತ್ತಾರೆ. ಲೈಸೆನ್ಸಿನ ವಿಳಾಸ ಬದಲಿಸಿದರೆ ಲಾಗ್ ಬುಕ್‌ನದು ತಾನಾಗಿ ಬದಲಾಗುವುದಿಲ್ಲ, ಎರಡಕ್ಕೂ ಬೇರೆ ಬೇರೆ ಅರ್ಜಿ. ಎರಡೂ ಉಚಿತ. ಬದಲಿಸದಿದ್ದರೆ ಅದಕ್ಕೇ 1,000 ಪೌಂಡ್‌ವರೆಗೆ ದಂಡ ಹಾಕಬಹುದು. ಹಳೆ ಮನೆಯಲ್ಲಿ ಪತ್ರಗಳ ರಾಶಿ ಬಿದ್ದಿರುತ್ತದೆ, ಹೊಸ ಮನೆಗೆ ಮೊದಲು ಬರುವುದೇ ಬೇಲಿಫ್ ಪತ್ರ.

ಇಂಥವರಿಗೆ ದಾರಿ ಇದೆ, ಆದರೆ ಅದು ಬೇಲಿಫ್ ಜೊತೆ ವಾದ ಮಾಡುವುದಲ್ಲ. ವಾರಂಟನ್ನು ರದ್ದು ಮಾಡುವ ಅಧಿಕಾರ ಅವರಿಗಿಲ್ಲ. ಅರ್ಜಿ ಹೋಗಬೇಕಾದದ್ದು ನಾರ್ಥಾಂಪ್ಟನ್ ಕೇಂದ್ರಕ್ಕೆ. ಪಾರ್ಕಿಂಗ್ ದಂಡವಾದರೆ ಟಿಇ9 ಎಂಬ ಫಾರಂ, 21 ದಿನದ ಗಡುವು ಮೀರಿದ್ದರೆ ಅದರ ಜೊತೆ ಟಿಇ7. ಲಂಡನ್ನಿನ ಕಂಜೆಷನ್ ಚಾರ್ಜ್‌ನಂಥವಕ್ಕೆ ಪಿಇ3 ಮತ್ತು ಪಿಇ2. ನಿಮಗೆ ಯಾವುದು ಅನ್ವಯ ಎನ್ನುವುದನ್ನು ಅದೇ ಕೇಂದ್ರಕ್ಕೆ ಫೋನ್ ಮಾಡಿ ಕೇಳಿಕೊಳ್ಳಬಹುದು. ಆಧಾರಗಳು ಕೆಲವೇ: ನೋಟಿಸ್ ತಲುಪಲಿಲ್ಲ, ತಕರಾರು ಸಲ್ಲಿಸಿದ್ದೆ ಆದರೆ ಉತ್ತರ ಬರಲಿಲ್ಲ, ಮೇಲ್ಮನವಿ ಹಾಕಿದ್ದೆ ಆದರೆ ಉತ್ತರ ಬರಲಿಲ್ಲ, ದಂಡ ಆಗಲೇ ಪೂರ್ತಿ ಕಟ್ಟಿದ್ದೇನೆ. ‘ದಂಡವೇ ಅನ್ಯಾಯ’ ಎಂಬ ವಾದಕ್ಕೆ ಈ ಫಾರಂನಲ್ಲಿ ಜಾಗವಿಲ್ಲ. ಅದನ್ನು ಬರೆದು ಅರ್ಜಿ ಕೆಡಿಸಿಕೊಳ್ಳಬೇಡಿ.

ಗಡುವು ಮೀರಿದ ಅರ್ಜಿ ಕೇಂದ್ರ ತಲುಪಿದ ಮೇಲೆ ಅದು ತೀರ್ಮಾನವಾಗುವ ತನಕ ವಸೂಲಿ ನಿಲ್ಲಬೇಕು. ಒಪ್ಪಿಗೆಯಾದರೆ ಆರ್ಡರ್, ವಾರಂಟ್, ಬೇಲಿಫ್ ಶುಲ್ಕ ಎಲ್ಲ ಬಿದ್ದುಹೋಗುತ್ತವೆ. ಮೂಲ ದಂಡ ಮಾತ್ರ ಉಳಿಯಬಹುದು, ಅದನ್ನು ಕಟ್ಟಲು ಅಥವಾ ಪ್ರಶ್ನಿಸಲು ಮತ್ತೆ ಅವಕಾಶ ಸಿಗುತ್ತದೆ. ಫಾರಂನಲ್ಲಿ ಸುಳ್ಳು ಬರೆದರೆ ನ್ಯಾಯಾಂಗ ನಿಂದನೆ ಆಗುತ್ತದೆ. ಪತ್ರ ಕೈಗೆ ಬಂದಿದ್ದರೆ ಬಂದಿಲ್ಲ ಎಂದು ಬರೆಯುವುದು ಸಣ್ಣ ಸುಳ್ಳಲ್ಲ.

ಬಾಗಿಲ ಬಳಿ ಬಂದಾಗ

ಈಗ ಬಾಗಿಲು ಒಡೆಯುವ ಮಾತಿಗೆ ಬರೋಣ. ಪಿಸಿಎನ್ ಸಿವಿಲ್ ಬಾಕಿ. ಇದಕ್ಕಾಗಿ ಮೊದಲ ಸಲ ಬಂದ ಬೇಲಿಫ್ ಮನೆಯ ಬಾಗಿಲು ಒಡೆಯುವಂತಿಲ್ಲ, ಬೀಗದವನನ್ನು ಕರೆಸಿ ತೆಗೆಸುವಂತಿಲ್ಲ, ಕಿಟಕಿಯಿಂದ ಇಳಿಯುವಂತಿಲ್ಲ, ನಿಮ್ಮನ್ನು ತಳ್ಳಿ ನುಗ್ಗುವಂತಿಲ್ಲ. ಬೆಳಗ್ಗೆ 6ರಿಂದ ರಾತ್ರಿ 9ರೊಳಗೆ ಮಾತ್ರ ಬರಬಹುದು. ಮೊದಲು ಕನಿಷ್ಠ 7 ಪೂರ್ಣ ದಿನಗಳ ನೋಟಿಸ್ ಕೊಟ್ಟಿರಬೇಕು. ಭಾನುವಾರ, ಬ್ಯಾಂಕ್ ರಜೆ ಆ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಬೀಗ ಹಾಕದ ಬಾಗಿಲನ್ನು ತೆರೆದು ಒಳಗೆ ಬರುವುದು ಕಾನೂನುಬದ್ಧ. ‘ಬನ್ನಿ, ಕೂತ್ಕೊಳ್ಳಿ’ ಎಂದು ನೀವೇ ಕರೆದರಂತೂ ಸರಿಯೇ ಸರಿ. ಊರಿಂದ ಬಂದ ಅಪ್ಪ ಅಮ್ಮ ಮನೆಯಲ್ಲಿ ಇಬ್ಬರೇ ಇದ್ದಾಗ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಯಾರೋ ಬಂದರೆ, ನೀರು ಬೇಕೇ ಎಂದು ಕೇಳಿ ಒಳಗೆ ಕರೆಯುವುದೇ ಅವರಿಗೆ ಗೊತ್ತಿರುವ ಮರ್ಯಾದೆ. ಅವರಿಗೆ ಮುಂಚೆಯೇ ಹೇಳಿಡಿ: ಬಾಗಿಲು ಹಾಕಿಕೊಂಡೇ ಮಾತಾಡಿ, ನನಗೆ ಫೋನ್ ಮಾಡಿ. 2014ರ ರಾಷ್ಟ್ರೀಯ ಮಾನದಂಡಗಳು ವಯಸ್ಸಾದವರನ್ನೂ ಇಂಗ್ಲಿಷ್ ಅರ್ಥವಾಗದವರನ್ನೂ ವಿಶೇಷ ಕಾಳಜಿ ಬೇಕಾದವರ ಪಟ್ಟಿಯಲ್ಲಿ ಸೇರಿಸಿವೆ. ಮನೆಯಲ್ಲಿ 16 ವರ್ಷದೊಳಗಿನ ಮಕ್ಕಳು ಮಾತ್ರ ಇದ್ದರೆ ಬೇಲಿಫ್ ಒಳಗೆ ಬರುವಂತೆಯೇ ಇಲ್ಲ.

ಒಳಗೆ ಬಂದವರು ವಸ್ತುಗಳ ಪಟ್ಟಿ ಮಾಡಿ ‘ಕಂಟ್ರೋಲ್ಡ್ ಗೂಡ್ಸ್ ಅಗ್ರಿಮೆಂಟ್’ಗೆ ಸಹಿ ಕೇಳುತ್ತಾರೆ. ವಸ್ತು ನಿಮ್ಮ ಮನೆಯಲ್ಲೇ ಇರುತ್ತದೆ, ನೀವು ಕಂತು ಕಟ್ಟುತ್ತೀರಿ. ಕಂತು ತಪ್ಪಿತೋ, ಮುನ್ಸೂಚನೆ ಕೊಟ್ಟು ಮತ್ತೆ ಬರುತ್ತಾರೆ, ಆಗ ಬಲಪ್ರಯೋಗಕ್ಕೂ ಅವಕಾಶ ಇರುತ್ತದೆ. ಬಾಗಿಲು ತೆಗೆಯಬೇಡಿ ಎಂಬ ಸಲಹೆಯಲ್ಲಿರುವ ನಿಜ ಇದು.

ಹಾಗೆಂದು ಬಾಗಿಲು ಹಾಕಿಕೊಂಡರೆ ಬಚಾವಾದಿರಿ ಎಂದಲ್ಲ, ಏಕೆಂದರೆ ಕಾರು ಬೀದಿಯಲ್ಲಿರುತ್ತದೆ. ವಾಹನ ದಂಡದ ವಸೂಲಿಯಲ್ಲಿ ಬೇಲಿಫ್ ಮೊದಲು ಹುಡುಕುವುದೇ ಕಾರನ್ನು. ಮನೆ ಮುಂದೆ, ರಸ್ತೆಯಲ್ಲಿ, ಎಲ್ಲೇ ನಿಂತಿದ್ದರೂ ಚಕ್ರಕ್ಕೆ ಕ್ಲ್ಯಾಂಪ್ ಹಾಕಬಹುದು. ಬೇರೆಯವರ ಖಾಸಗಿ ಜಾಗದಲ್ಲಿದ್ದರೆ ಮಾತ್ರ ಕೋರ್ಟಿನ ಅನುಮತಿ ಬೇಕು. ಕ್ಲ್ಯಾಂಪ್ ಕತ್ತರಿಸಿ ತೆಗೆದರೆ ಅದು ಅಪರಾಧ, ಅಲ್ಲಿಗೆ ಸಿವಿಲ್ ಬಾಕಿ ಕ್ರಿಮಿನಲ್ ಆಗುತ್ತದೆ. ‘ನನ್ನ ಜಾಗಕ್ಕೆ ಬರುವ ಹಕ್ಕನ್ನು ಹಿಂಪಡೆದಿದ್ದೇನೆ’ ಎಂಬ ಬೋರ್ಡನ್ನು ಬಾಗಿಲಿಗೆ ಅಂಟಿಸಲು ಹೇಳುವವರೂ ಇದ್ದಾರೆ. ಬೇಲಿಫ್ ಬರುವುದು ಶಾಸನ ಕೊಟ್ಟ ಅಧಿಕಾರದಿಂದ, ಆ ಕಾಗದಕ್ಕೆ ಬೆಲೆ ಇಲ್ಲ.

ತೆಗೆದುಕೊಂಡು ಹೋಗಬಾರದ ವಸ್ತುಗಳೂ ಇವೆ. ಹಾಸಿಗೆ, ಒಲೆ, ಫ್ರಿಜ್, ವಾಷಿಂಗ್ ಮೆಷಿನ್, ಫೋನ್, ಮನೆಯವರೆಲ್ಲ ಕೂತು ಉಣ್ಣುವ ಮೇಜು ಕುರ್ಚಿ ಮುಟ್ಟುವಂತಿಲ್ಲ. ನಿಮ್ಮ ಉದ್ಯೋಗಕ್ಕೆ ಬೇಕೇಬೇಕಾದ ಉಪಕರಣಗಳಿಗೆ, ಕಂಪ್ಯೂಟರ್ ಮತ್ತು ವಾಹನವೂ ಸೇರಿ, ಒಟ್ಟು 1,350 ಪೌಂಡ್ ಮೌಲ್ಯದವರೆಗೆ ರಕ್ಷಣೆ ಇದೆ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ನಿಮ್ಮದೇ ಅಲ್ಲ, ಹಾಗಾಗಿ ಅದನ್ನು ಒಯ್ಯುವಂತಿಲ್ಲ. ಒಂದೇ ಮನೆಯಲ್ಲಿ ನಾಲ್ಕು ಹುಡುಗರು ಬಾಡಿಗೆಗಿದ್ದರೆ ಒಬ್ಬನ ಬಾಕಿಗೆ ಮತ್ತೊಬ್ಬನ ಸಾಮಾನು ಹೋಗಬಾರದು, ಆದರೆ ಬಿಲ್ಲು ತೋರಿಸುವ ಹೊಣೆ ಆ ಮತ್ತೊಬ್ಬನ ಮೇಲೇ ಬೀಳುತ್ತದೆ. ಲೀಸ್ ಅಥವಾ ಹೈರ್ ಪರ್ಚೇಸ್ ಕಾರು ಸಾಮಾನ್ಯವಾಗಿ ಫೈನಾನ್ಸ್ ಕಂಪನಿಯ ಆಸ್ತಿ, ಕರಾರುಪತ್ರ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಬಾಕಿ ನಿಮ್ಮದೇ ಹೌದು, ಪತ್ರವೂ ಬಂದಿತ್ತು ಎನ್ನುವುದಾದರೆ ಮಾಡಬೇಕಾದದ್ದು ಒಂದೇ: 75 ಪೌಂಡ್ ಸೇರಿದ ಆ ಮೊದಲ ಪತ್ರದ ಗಡುವಿನೊಳಗೆ ಕಂಪನಿಗೆ ಬರೆದು ಪೂರ್ತಿ ಕಟ್ಟುವುದು ಅಥವಾ ಕಂತಿಗೆ ಒಪ್ಪಿಸುವುದು. ಮುಂದಿನ 235 ಉಳಿಯುವುದು ಅಲ್ಲಿ ಮಾತ್ರ. ಫೋನಿನಲ್ಲಿ ಒಪ್ಪಿದ್ದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ.

ಜೈಲು, ವೀಸಾ ಮತ್ತು ಕೋರ್ಟ್ ದಂಡ

ಪಿಸಿಎನ್ ಕಟ್ಟದಿದ್ದಕ್ಕೆ ಜೈಲಿಲ್ಲ. ಅದು ಅಪರಾಧ ದಾಖಲೆಯೂ ಅಲ್ಲ. ನಾರ್ಥಾಂಪ್ಟನ್‌ನಲ್ಲಿ ನೋಂದಣಿಯಾದ ಈ ಬಾಕಿ ಸಾಲದ ತೀರ್ಪುಗಳ ಸಾರ್ವಜನಿಕ ಪಟ್ಟಿಗೂ ಹೋಗುವುದಿಲ್ಲ. ‘ಡಿಪೋರ್ಟ್ ಮಾಡಿಸುತ್ತೇನೆ’ ಎಂದು ಯಾರಾದರೂ ಬಾಗಿಲಲ್ಲಿ ನಿಂತು ಹೇಳಿದರೆ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ದೂರಿಗೆ ಬೇಕಾಗುತ್ತದೆ.

ಅತಿವೇಗದ ವಿಷಯ ಹಾಗಲ್ಲ. ಅದು ಕ್ರಿಮಿನಲ್ ಪ್ರಕರಣ. ಚಾಲಕರು ಯಾರೆಂದು ಪೊಲೀಸರು ಕೇಳಿದ ಪತ್ರಕ್ಕೆ 28 ದಿನದಲ್ಲಿ ಉತ್ತರಿಸದಿದ್ದರೆ ಅದೇ ಬೇರೆ ಅಪರಾಧ, ಲೈಸೆನ್ಸಿಗೆ 6 ಪಾಯಿಂಟ್. ಮ್ಯಾಜಿಸ್ಟ್ರೇಟ್ ಕೋರ್ಟ್ ವಿಧಿಸಿದ ದಂಡದ ವಸೂಲಿಗೆ ಬರುವವರಿಗೆ ಬಲವಂತವಾಗಿ ಒಳಗೆ ಬರುವ ಅಧಿಕಾರವೂ ಕಾನೂನಿನಲ್ಲಿದೆ, ಬಳಕೆ ಅಪರೂಪ ಅಷ್ಟೇ. ಬಾಗಿಲು ಒಡೆಯುವ ಕಥೆ ಹುಟ್ಟಿದ್ದು ಇಲ್ಲಿಂದಲೇ ಇರಬೇಕು ಎಂದು ನನ್ನ ಅನಿಸಿಕೆ. ಹಳೆ ವಿಳಾಸಕ್ಕೆ ಸಮನ್ಸ್ ಹೋಗಿ ನಿಮಗೆ ತಿಳಿಯದೆಯೇ ಶಿಕ್ಷೆಯಾಗಿದ್ದರೆ, ವಿಷಯ ಗೊತ್ತಾದ 21 ದಿನದೊಳಗೆ ಕೋರ್ಟಿಗೆ ಪ್ರಮಾಣಪೂರ್ವಕ ಹೇಳಿಕೆ ಸಲ್ಲಿಸಿ ಪ್ರಕರಣವನ್ನು ಮೊದಲಿನಿಂದ ನಡೆಸುವಂತೆ ಕೇಳಬಹುದು.

ಸೂಪರ್‌ಮಾರ್ಕೆಟ್ ಅಂಗಳದಲ್ಲಿ ಖಾಸಗಿ ಕಂಪನಿ ಕೊಡುವ ಚೀಟಿಯೂ ಪಿಸಿಎನ್ ಎಂದೇ ಬರುತ್ತದೆ. ಬಿಡಿಸಿ ಓದಿದರೆ ಅದು ‘ಪಾರ್ಕಿಂಗ್ ಚಾರ್ಜ್ ನೋಟಿಸ್’. ಅದರ ಹಿಂದೆ ಕೆಂಪಕ್ಷರದ ಪತ್ರ ಕಳಿಸುವವರು ಬರೀ ಸಾಲ ವಸೂಲಿಗಾರರು, ಜಪ್ತಿಯ ಅಧಿಕಾರ ಇಲ್ಲ. ಆದರೆ ಕೌಂಟಿ ಕೋರ್ಟಿನ ಕ್ಲೇಮ್ ಫಾರಂ ಬಂದರೆ ಅದನ್ನು ಕಸಕ್ಕೆ ಹಾಕಬೇಡಿ. ಉತ್ತರಿಸದಿದ್ದರೆ ಏಕಪಕ್ಷೀಯ ತೀರ್ಪಾಗುತ್ತದೆ. ತೀರ್ಪಾದ ಒಂದು ತಿಂಗಳೊಳಗೆ ಹಣ ಕಟ್ಟದಿದ್ದರೆ ಅದು 6 ವರ್ಷ ದಾಖಲೆಯಲ್ಲಿ ಉಳಿದು ಮನೆ ಸಾಲಕ್ಕೆ ಅಡ್ಡಬರುತ್ತದೆ.

ಬೇಲಿಫ್ ಎಂದು ಹೇಳಿಕೊಂಡು ಬಂದವರು ನಿಜವಾಗಿ ಬೇಲಿಫ್ ಹೌದೋ ಅಲ್ಲವೋ ನೋಡಲು ನ್ಯಾಯ ಇಲಾಖೆಯ ಜಾಲತಾಣದಲ್ಲಿ ಪ್ರಮಾಣಪತ್ರ ಪಡೆದವರ ಪಟ್ಟಿ ಇದೆ. ಗುರುತಿನ ಚೀಟಿ, ವಾರಂಟಿನ ವಿವರಗಳನ್ನು ಕಿಟಕಿಯ ಗಾಜಿಗೆ ಹಿಡಿದು ತೋರಿಸಲು ಹೇಳಿ, ಹೆಸರನ್ನು ಆ ಪಟ್ಟಿಯಲ್ಲಿ ಹುಡುಕಿ. ಹಿಂದಿನ ಬಾಡಿಗೆದಾರರ ಬಾಕಿಗೆ ಬಂದಿದ್ದರೆ ನಿಮ್ಮ ಬಾಡಿಗೆ ಕರಾರು ಅಥವಾ ಕೌನ್ಸಿಲ್ ತೆರಿಗೆ ಬಿಲ್ಲಿನ ಪ್ರತಿಯನ್ನು ಕಂಪನಿಗೆ ಕಳಿಸಿ. ಫಾರಂ ತುಂಬಲು ದುಡ್ಡು ಕೇಳುವ ಏಜೆಂಟರ ಬಳಿ ಹೋಗುವ ಮೊದಲು ಸಿಟಿಜನ್ಸ್ ಅಡ್ವೈಸ್ ಅಥವಾ ನ್ಯಾಷನಲ್ ಡೆಟ್‌ಲೈನ್‌ಗೆ ಫೋನ್ ಮಾಡಿ. ಇಬ್ಬರೂ ಉಚಿತವಾಗಿ ಸಲಹೆ ಕೊಡುತ್ತಾರೆ.