ನಿಂತು ತಡೆದವರ ಪ್ಯಾಡು: ಐಸ್ ಹಾಕಿ ಗೋಲ್‌ಕೀಪಿಂಗಿನ ಒಂದು ಸಮೀಕ್ಷೆ

ಕೆನ್ ಡ್ರೈಡನ್ ಮತ್ತು ಬರ್ನಿ ಪೇರೆಂಟ್ ಇಬ್ಬರೂ 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. 1970ರ ದಶಕದ ಐಸ್ ಹಾಕಿಯನ್ನು ಗೋಲಿನ ಬಾಯಲ್ಲಿ ನಿಂತು ಆಳಿದವರು ಅವರು. ಆ ದಿನಗಳಲ್ಲಿ ಅವರ ಹಳೆಯ ಪಂದ್ಯಗಳ ತುಣುಕುಗಳು ಮತ್ತೆ ಓಡಾಡಿದವು. ನೋಡಿದ ಹೊಸಬರಲ್ಲಿ ಹಲವರು ಕೊಟ್ಟ ತೀರ್ಪು ಒಂದೇ: ಇವರಿಗೆ ಮೊಣಕಾಲೂರುವುದೇ ಗೊತ್ತಿಲ್ಲ, ಈಗಿನ ಹೈಸ್ಕೂಲು ಹುಡುಗನೂ ಇವರ ಮೇಲೆ ಗೋಲು ಹೊಡೆಯುತ್ತಾನೆ. ಇದನ್ನು ಅಲ್ಲಗಳೆಯಲು ಹೊರಟವರ ವಾದವೂ ಅಷ್ಟೇ ಅರೆಬೆಂದದ್ದು: ಈಗಿನವರ ಹೆಚ್ಚುಗಾರಿಕೆ ಏನಿಲ್ಲ, ಪ್ಯಾಡು ಅಗಲವಾಯಿತು, ಗೋಲು ಕಡಿಮೆಯಾಯಿತು ಎಂದು. ನಾನು ಚರ್ಮದ ಪ್ಯಾಡು ಕಟ್ಟಿಯೇ ಈ ಆಟ ಕಲಿತವನು. ಈಗಲೂ ಒಂಟಾರಿಯೋದ ರಿಂಕುಗಳಲ್ಲಿ ಅದನ್ನೇ ಕಟ್ಟಿ ಆಡುತ್ತೇನೆ, ಸವೆದ ಪ್ಯಾಡುಗಳನ್ನು ಬಿಚ್ಚಿ ತುಂಬಿ ಹೊಲಿದುಕೊಡುತ್ತೇನೆ. ಎರಡೂ ಮಾತುಗಳಲ್ಲಿ ತಪ್ಪಿಹೋಗಿರುವುದೇನು ಎಂಬುದನ್ನು ಇಲ್ಲಿ ಹೇಳಬೇಕಾಗಿದೆ.

ಕನ್ನಡದ ಓದುಗರಿಗೆ ಹಾಕಿ ಎಂದರೆ ಕೊಡಗಿನ ಮೈದಾನ, ಬಿಳಿ ಚೆಂಡು. ಇಲ್ಲಿ ಚೆಂಡಿಲ್ಲ, ಮೂರು ಇಂಚು ಅಡ್ಡಳತೆಯ, ಒಂದು ಇಂಚು ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ. ಅದಕ್ಕೆ ಪಕ್ ಎಂದು ಹೆಸರು. ಗೋಲಿನ ಅಗಲ ಆರು ಅಡಿ, ಎತ್ತರ ನಾಲ್ಕು ಅಡಿ. ಕೀಪರನ ಕಾಲಿಗೂ ಸ್ಕೇಟು. ಮಿಕ್ಕಿದ್ದೆಲ್ಲ ಈ ಅಳತೆಗಳಿಂದಲೇ ಹುಟ್ಟುತ್ತದೆ.

ಮೊದಲ ಘಟ್ಟಕ್ಕೆ ಹೆಚ್ಚು ಮಾತು ಬೇಡ. ಆಗ ಕೀಪರಿಗೆ ಪ್ರತ್ಯೇಕ ಸಾಮಾನೇ ಇರಲಿಲ್ಲ. 1896ರ ಫೆಬ್ರವರಿಯಲ್ಲಿ ಈ ಆಟದ ಅತಿ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್‌ಗಾಗಿ ಮಾಂಟ್ರಿಯಲ್‌ಗೆ ಬಂದ ವಿನಿಪೆಗ್ ವಿಕ್ಟೋರಿಯಾಸ್ ತಂಡದ ಜಾರ್ಜ್ ಮೆರಿಟ್ ಕ್ರಿಕೆಟ್ ಪ್ಯಾಡು ಕಟ್ಟಿ ಗೋಲಿಗೆ ನಿಂತ. ಆತನ ತಂಡ ಗೆದ್ದಿತು. ಮುಂದಿನ ಹಲವು ವರ್ಷ ಬ್ಯಾಟ್ಸ್‌ಮನ್ನನ ಪ್ಯಾಡೇ ಕೀಪರನ ಪ್ಯಾಡು. ನಿಂತು ತಡೆಯುವುದು ಆಗ ಶೈಲಿಯಲ್ಲ, ಕಾನೂನು. ಕೀಪರ್ ಬೇಕೆಂದೇ ಐಸಿನ ಮೇಲೆ ಬಿದ್ದರೆ ಶಿಕ್ಷೆಯಿತ್ತು. ಒಟ್ಟಾವಾದ ಕ್ಲಿಂಟ್ ಬೆನೆಡಿಕ್ಟ್ ಕಾಲು ಜಾರಿದಂತೆ ನಟಿಸಿ ಮೊಣಕಾಲೂರುತ್ತಲೇ ಇದ್ದ. 1918ರ ಜನವರಿಯಲ್ಲಿ ಉತ್ತರ ಅಮೆರಿಕದ ವೃತ್ತಿಪರ ಲೀಗಾದ ಎನ್‌ಎಚ್‌ಎಲ್ ಆ ನಿಯಮವನ್ನೇ ಕೈಬಿಟ್ಟಿತು. ಬೀಳುವ ಸ್ವಾತಂತ್ರ್ಯ ಸಿಕ್ಕಿದ ಮೇಲೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬಹುತೇಕ ಕೀಪರುಗಳು ನಿಂತೇ ಆಡಿದರು. ಅದಕ್ಕೆ ಕಾರಣ ಅಜ್ಞಾನ ಎನ್ನುವವರು ಮುಂದಿನದ್ದನ್ನು ಗಮನಿಸಬೇಕು.

1920ರ ದಶಕದಲ್ಲಿ ಹ್ಯಾಮಿಲ್ಟನ್ ಊರಿನ ಎಮಿಲ್ ಕೆನೆಸ್ಕಿ ಎಂಬ ಕುದುರೆ ಸರಂಜಾಮು ಹೊಲಿಯುವವರು ಕ್ರಿಕೆಟ್ ಪ್ಯಾಡನ್ನು ಅಗಲಿಸಿ, ಅಂಚಿಗೆ ದಿಂಡು ಕೂರಿಸಿ, ಐಸಿಗೆಂದೇ ಹೊಸ ಪ್ಯಾಡು ಮಾಡಿದರು. ಅದರ ಅಗಲಕ್ಕೆ ಲೀಗು ಬೇಗನೆ ಮಿತಿ ಹಾಕಿತು. ಹತ್ತು ಇಂಚು ಎಂಬ ಆ ಮಿತಿ 1989ರವರೆಗೂ ಉಳಿಯಿತು. ಎನ್‌ಎಚ್‌ಎಲ್‌ನ ಕೀಪರುಗಳಲ್ಲಿ ಹೆಚ್ಚಿನವರು ದಶಕಗಳ ಕಾಲ ಕೆನೆಸ್ಕಿ ಮನೆತನದ ಕೈಹೊಲಿಗೆಯನ್ನೇ ಕಾಲಿಗೆ ಕಟ್ಟಿದರು. ಗೋಲು ಹೊಡೆದವರ ಹೆಸರುಗಳನ್ನು ದಿನಾಂಕದ ಸಮೇತ ಬರೆದಿಟ್ಟಿರುವ ಈ ಆಟದ ಚರಿತ್ರೆಯಲ್ಲಿ ಈ ಮನುಷ್ಯನಿಗೆ ಸಿಗುವುದು ಹೆಚ್ಚೆಂದರೆ ಒಂದು ಪ್ಯಾರಾ. ನನ್ನ ಲೆಕ್ಕದಲ್ಲಿ ಆತ ಯಾವ ಕೀಪರಿಗಿಂತಲೂ ಕಡಿಮೆಯವನಲ್ಲ.

ಆ ಪ್ಯಾಡಿನೊಳಗೆ ಏನಿರುತ್ತಿತ್ತು? ಹೊರಗೆ ಕುದುರೆಯದೋ ದನದ್ದೋ ಚರ್ಮ. ಒಳಗೆ ಫೆಲ್ಟು, ಕ್ಯಾನ್ವಾಸು. ನಡುವೆ ತುಂಬಿದ್ದು ಜಿಂಕೆಯ ಕೂದಲು. ಜಿಂಕೆಯ ಕೂದಲು ಒಳಗೆ ಟೊಳ್ಳು, ಹಾಗಾಗಿ ಹಗುರ, ಏಟನ್ನೂ ಹೀರಿಕೊಳ್ಳುತ್ತದೆ. ದಿಂಡುಗಳಿಗೆ ಕಪೋಕ್, ಅಂದರೆ ನಮ್ಮಲ್ಲಿ ದಿಂಬಿಗೆ ತುಂಬುತ್ತಿದ್ದ ಬಿಳಿಬೂರುಗದ ಹತ್ತಿ. ಬಿಲ್ಲೆ ಬಡಿಬಡಿದು ಕೂದಲು ಒಂದೆಡೆ ಕೂತುಬಿಟ್ಟರೆ ಆ ಜಾಗ ತೆಳುವಾಗಿ ಮೊಣಕಾಲಿಗೆ ನೋವು ನೇರ ತಾಗುತ್ತದೆ. ಆಗ ಹೊಲಿಗೆ ಬಿಚ್ಚಿ, ಹಳೇ ಹಾಸಿಗೆಯ ಹತ್ತಿಯನ್ನು ಹಿಂಜುವ ಹಾಗೆ ಕೂದಲನ್ನು ಬಿಡಿಸಿ, ಕೊರತೆ ಬಿದ್ದಷ್ಟು ಹೊಸದು ಸೇರಿಸಿ, ಮತ್ತೆ ಹೊಲಿಯಬೇಕು. ಪ್ರತಿ ಬೇಸಿಗೆ ಮಾಡುವ ಕೆಲಸ ಅದು. ಎಲ್ಲಿ ಬಿಗಿಯಾಗಿ ತುಂಬಬೇಕು, ಎಲ್ಲಿ ಸಡಿಲ ಬಿಡಬೇಕು ಎನ್ನುವುದು ಹೊಲಿಯುವವನ ಬೆರಳಿಗಷ್ಟೇ ಗೊತ್ತು. ನನಗೆ ಕಲಿಸಿದ ಹಿರಿಯರು ಅಳತೆಪಟ್ಟಿ ಮುಟ್ಟುತ್ತಿರಲಿಲ್ಲ. ಅಂಗೈಯಿಂದ ಒತ್ತಿ ನೋಡಿ, ಇನ್ನೊಂದು ಹಿಡಿ ಎನ್ನುತ್ತಿದ್ದರು.

ಈ ಪ್ಯಾಡಿಗೆ ಎರಡು ಗುಣ. ಒಂದು, ನೀರು ಕುಡಿಯುವುದು. ಮೂರನೆಯ, ಅಂದರೆ ಕೊನೆಯ, ಅವಧಿಯ ಹೊತ್ತಿಗೆ ಐಸಿನ ನೀರೂ ಮೈಬೆವರೂ ಸೇರಿ ಅದು ಭಾರವಾಗುತ್ತದೆ. ಬಿದ್ದರೆ ಏಳುವುದು ನಿಧಾನ, ಆದ್ದರಿಂದ ಯೋಚಿಸಿ ಬೀಳಬೇಕು. ಎರಡನೆಯದು, ಬಿಲ್ಲೆಯನ್ನು ಕೊಲ್ಲುವುದು. ಬಡಿದ ಬಿಲ್ಲೆ ಪುಟಿದು ದೂರ ಹೋಗುವುದಿಲ್ಲ. ಪ್ಯಾಡಿನ ಮುಂಭಾಗದ ಬಾಗಿನಲ್ಲಿ ಜಾರಿ ಪಾದದ ಬಳಿ ಸತ್ತು ಬೀಳುತ್ತದೆ. ಅದನ್ನು ಕೋಲಿನಿಂದ ಎಳೆದುಕೊಂಡರೆ ಆಟ ನಿಮ್ಮ ಕೈಯಲ್ಲಿ.

ಇವೆರಡಕ್ಕಿಂತ ದೊಡ್ಡ ವಿಷಯ ಪಟ್ಟಿ. ಹಳೆಯ ಪ್ಯಾಡಿನ ಚರ್ಮದ ಪಟ್ಟಿಗಳನ್ನು ಮೀನಖಂಡಕ್ಕೆ ಬಿಗಿಯಾಗಿ ಬಕಲ್ ಹಾಕಿ ಕಟ್ಟುತ್ತಾರೆ. ಪ್ಯಾಡು ಕಾಲಿನ ಜೊತೆಗೇ ತಿರುಗುತ್ತದೆ, ಕಾಲನ್ನು ಬಿಟ್ಟು ತಿರುಗುವುದಿಲ್ಲ. ನಿಂತಾಗ ಅದರ ಮುಖ ಹೊಡೆಯುವವನ ಕಡೆಗಿರುತ್ತದೆ. ಮೊಣಕಾಲೂರಿದಿರೋ ಮುಖ ಐಸಿನತ್ತ ಹೊರಳುತ್ತದೆ. ಹೊಡೆಯುವವನಿಗೆ ಕಾಣುವುದು ಪ್ಯಾಡಿನ ತೆಳ್ಳನೆಯ ಒಳಅಂಚು ಮಾತ್ರ. ಗೋಡೆಯಾಗಬೇಕಾದದ್ದು ಅಲ್ಲಿ ಗೆರೆಯಾಗುತ್ತದೆ. ಇದರ ಮೇಲೆ, ಮುಖಕ್ಕೆ ರಕ್ಷಣೆಯಿಲ್ಲ. ತಲೆಯನ್ನು ಬಿಲ್ಲೆಯ ಎತ್ತರಕ್ಕೆ ಇಳಿಸುವುದೆಂದರೆ ಹಲ್ಲು, ಕಣ್ಣು ಪಣಕ್ಕಿಟ್ಟ ಹಾಗೆ. ಹಳಬರು ನಿಂತದ್ದಕ್ಕೆ ಕಾರಣ ಇಲ್ಲಿದೆ. ಅವರ ಕಾಲಿಗೆ ಕಟ್ಟಿದ ವಸ್ತುವಿನಿಂದ ಅತಿ ಹೆಚ್ಚು ಗೋಲನ್ನು ಮುಚ್ಚುವ ಉಪಾಯ ನಿಲ್ಲುವುದೇ ಆಗಿತ್ತು.

ಮುಖವಾಡದ ಕಥೆ ಈ ಆಟ ಬಲ್ಲವರಿಗೆಲ್ಲ ಗೊತ್ತು. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಆಂಡಿ ಬಾತ್‌ಗೇಟನ ಹೊಡೆತ ಮುಖಕ್ಕೆ ಬಡಿದು ಹೊಲಿಗೆ ಹಾಕಿಸಿಕೊಂಡ ಮಾಂಟ್ರಿಯಲ್ ಕೀಪರ್ ಜಾಕ್ ಪ್ಲಾಂಟ್ ಫೈಬರ್‌ಗ್ಲಾಸಿನ ಮುಖವಾಡ ತೊಟ್ಟೇ ಮರಳಿದ. ತರಬೇತುದಾರ ಟೋ ಬ್ಲೇಕ್‌ಗೆ ಇಷ್ಟವಿರಲಿಲ್ಲ; ಪ್ಲಾಂಟ್ ಬಿಡಲಿಲ್ಲ. ಅದೇ ಕಾಲದಲ್ಲಿ ಇನ್ನೊಬ್ಬ ಕೀಪರ್ ಗ್ಲೆನ್ ಹಾಲ್, ಮುಖವಾಡವಿಲ್ಲದೆ, ಚರ್ಮದ ಪ್ಯಾಡಿನಲ್ಲೇ, ಮೊಣಕಾಲು ಸೇರಿಸಿ ಪಾದಗಳನ್ನು ಎರಡೂ ಬದಿಗೆ ಹರಡಿ ಬೀಳುವ ಬಟರ್‌ಫ್ಲೈ ಆಡುತ್ತಿದ್ದ; ಸತತ 502 ಲೀಗ್ ಪಂದ್ಯ ತಪ್ಪದೆ ಆಡಿದ. 1969-70ರಲ್ಲಿ ಟೋನಿ ಎಸ್ಪೊಸಿಟೊ ಅದೇ ದಾರಿಯಲ್ಲಿ ಒಂದೇ ಋತುವಿನಲ್ಲಿ 15 ಪಂದ್ಯಗಳಲ್ಲಿ ಗೋಲು ಬಿಟ್ಟುಕೊಡಲಿಲ್ಲ. ಬಟರ್‌ಫ್ಲೈ ಈಚಿನವರ ಆವಿಷ್ಕಾರ ಎನ್ನುವವರಿಗೆ ಈ ಇಬ್ಬರ ಹೆಸರು ಸಾಕು.

ನನ್ನನ್ನು ಕಟ್ಟಿದ ಪರಂಪರೆ ಮಾತ್ರ ಪ್ಲಾಂಟನದು. ಅದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ. 1970ರ ದಶಕದ ಆರಂಭದಲ್ಲಿ ಟೊರಾಂಟೊ ತಂಡದಲ್ಲಿ ಪ್ಲಾಂಟನ ಜೊತೆಗಾರನಾಗಿ ಬಂದವನು ಬರ್ನಿ ಪೇರೆಂಟ್. ಹುಡುಗ ಚುರುಕಿನವನು, ಚುರುಕನ್ನೇ ನಂಬಿ ಆಡುತ್ತಿದ್ದ. ಪ್ಲಾಂಟ್ ಅವನಿಗೆ ಕಲಿಸಿದ್ದು ಕೋನ. ಹೊಡೆಯುವವನ ಕಡೆಗೆ ಎಷ್ಟು ಮುಂದೆ ಬಂದರೆ ಎರಡೂ ಕಂಬಗಳು ಅವನ ಕಣ್ಣಿನಿಂದ ಮರೆಯಾಗುತ್ತವೆ, ಅವನು ಸಮೀಪಿಸಿದಂತೆ ಯಾವ ವೇಗದಲ್ಲಿ ಹಿಂದೆ ಸರಿಯಬೇಕು, ಹಿಂದೆ ನೋಡದೆ ಕಂಬ ಎಲ್ಲಿದೆಯೆಂದು ಹೇಗೆ ತಿಳಿಯಬೇಕು. ಫಿಲಡೆಲ್ಫಿಯಾಕ್ಕೆ ಮರಳಿದ ಪೇರೆಂಟ್ 1974 ಮತ್ತು 1975ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದ. ಎರಡೂ ವರ್ಷ ಕಪ್ಪಿಗಾಗಿ ನಡೆಯುವ ಪ್ಲೇಆಫ್‌ನ ಅತ್ಯುತ್ತಮ ಆಟಗಾರನೂ ಅವನೇ. ಆ ಪಂದ್ಯಗಳಲ್ಲಿ ಅವನು ಏನೂ ಮಾಡುತ್ತಿಲ್ಲ ಎನಿಸುವುದು ಕೋನದ ಕೆಲಸ ಬಿಲ್ಲೆ ಹೊರಡುವ ಮುಂಚೆಯೇ ಮುಗಿದಿರುವುದರಿಂದ. ತುಣುಕು ಸುರುವಾಗುವುದೇ ಹೊಡೆತದಿಂದ. ಅದಕ್ಕೆ ಮೊದಲಿನ ಎರಡು ಸೆಕೆಂಡು ಕತ್ತರಿಸಿದರೆ ಪೇರೆಂಟನನ್ನೇ ಕತ್ತರಿಸಿದ ಹಾಗೆ.

ಕೋನ ತಪ್ಪಿದಾಗ ಕಾಲು ಬರುತ್ತದೆ. ಕಿಕ್ ಸೇವ್‌ನಲ್ಲಿ ಕಾಲನ್ನು ಬೀಸಿ ಬಿಲ್ಲೆಯನ್ನು ಮೂಲೆಗೆ ಕಳಿಸುತ್ತಾರೆ. ಸ್ಕೇಟ್ ಸೇವ್‌ನಲ್ಲಿ ಪಾದವನ್ನು ಹೊರಕ್ಕೆ ತಿರುಗಿಸಿ ಬ್ಲೇಡಿನಿಂದಲೇ ತಳ್ಳುತ್ತಾರೆ; ಐಸಿನ ಮೇಲೆ ತೆವಳಿ ಬರುವ ಹೊಡೆತಕ್ಕೆ ಅಷ್ಟು ಸೊಗಸಾದ ಉತ್ತರ ಇನ್ನೊಂದಿಲ್ಲ. ಅಡ್ಡ ಪಾಸು ಬಂದು ಇಡೀ ಗೋಲು ತೆರೆದುಕೊಂಡರೆ ಪಕ್ಕಕ್ಕೆ ಒರಗಿ ಒಂದು ಪ್ಯಾಡಿನ ಮೇಲೆ ಇನ್ನೊಂದನ್ನು ಪೇರಿಸಿ ಜಾರುವುದು ಕೊನೆಯ ಅಸ್ತ್ರ. ಮಾಂಟ್ರಿಯಲ್ ತಂಡದ ಡ್ರೈಡನ್ನೂ ನಿಂತಾಡಿದವನೇ, ಆರಡಿ ನಾಲ್ಕಿಂಚಿನ ಆಳು. ಆಟ ನಿಂತಾಗ ಕೋಲಿನ ಮೇಲೆ ಗಲ್ಲವೂರಿ ನಿಲ್ಲುತ್ತಿದ್ದ ಭಂಗಿಯಿಂದ ಜನ ಅವನನ್ನು ನೆನೆಯುತ್ತಾರೆ. ನಾನು ನೆನೆಯುವುದು ಆ ಎತ್ತರವನ್ನು ಅವನು ಅನಗತ್ಯವಾಗಿ ನೆಲಕ್ಕಿಳಿಸದೆ ಕಾಪಾಡಿದ್ದನ್ನು. ಎಂಟು ಋತುಗಳಿಗೂ ಕಡಿಮೆ ಆಡಿ ಆರು ಕಪ್ ಗೆದ್ದ. 1983ರಲ್ಲಿ ಬಂದ ಅವನ ‘ದ ಗೇಮ್’ ಕೀಪರನ ಮನಸ್ಸಿನ ಬಗ್ಗೆ ಇಂದಿಗೂ ಮೀರಿಸಲಾಗದ ಪುಸ್ತಕ. ಕಾಲಿನ ಬಗ್ಗೆ ಅಂಥದೊಂದು ಇನ್ನೂ ಬರಬೇಕಾಗಿದೆ.

1980ರ ದಶಕದಲ್ಲಿ ಮೂರು ಸಂಗತಿಗಳು ಹತ್ತಿರ ಹತ್ತಿರ ನಡೆದವು. ಅವನ್ನು ಒಂದೆಂದು ಭಾವಿಸಿದ್ದರಿಂದಲೇ ಈಗಿನ ಗೊಂದಲ. ಒಂದು, ಫೋಮ್. ದಶಕದ ಕೊನೆಗೆ ಬಾಸ್ಟನ್ನಿನ ರೆಜಿ ಲೆಮೆಲಿನ್‌ನಂಥವರು ಏರೋಫ್ಲೆಕ್ಸ್ ಎಂಬ ಹಗುರವಾದ ಕೃತಕ ಪ್ಯಾಡು ತೊಟ್ಟರು. ನೀರು ಕುಡಿಯದ, ಕೊನೆಯ ನಿಮಿಷದಲ್ಲೂ ಮೊದಲಿನಷ್ಟೇ ತೂಕವಿರುವ ಪ್ಯಾಡು ಅದು. ಎರಡು, ಪಾಠ. ಕ್ವಿಬೆಕ್ಕಿನ ಫ್ರಾಂಸ್ವಾ ಅಲೇರ್ ಬಟರ್‌ಫ್ಲೈಯನ್ನು ಹಂತಹಂತವಾಗಿ ಬಿಡಿಸಿ ಪ್ಯಾಟ್ರಿಕ್ ರಾಯ್‌ಗೆ ಕಲಿಸಿದರು. ರಾಯ್ 1986ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಮಾಂಟ್ರಿಯಲ್‌ಗೆ ಕಪ್ ಗೆದ್ದುಕೊಟ್ಟ. ಆ ವರ್ಷದ ಚಿತ್ರಗಳನ್ನು ನೋಡಿ: ಅವನ ಕಾಲಿಗಿರುವುದೂ ಕಂದು ಬಣ್ಣದ ಹಳೇ ಮಾದರಿಯ ಪ್ಯಾಡೇ. ಶೈಲಿ ಮೊದಲು ಬಂತು, ಸಾಮಾನು ಅದರ ಹಿಂದೆ ಬಂತು. ಮೂರು, ಅಗಲ. 1989ರಲ್ಲಿ ಲೀಗು ಹತ್ತಿಂಚಿನ ಮಿತಿಯನ್ನು ಹನ್ನೆರಡಕ್ಕೆ ಏರಿಸಿತು. 2005ರಲ್ಲಿ ಹನ್ನೊಂದಕ್ಕೆ ಇಳಿಸಿತು.

ಇವೆಲ್ಲಕ್ಕಿಂತ ಹೆಚ್ಚು ಆಟ ಬದಲಿಸಿದ ಸಂಗತಿಗೆ ದಿನಾಂಕವಿಲ್ಲ: ಪಟ್ಟಿ ಸಡಿಲವಾದದ್ದು. 1990ರ ದಶಕದಲ್ಲಿ ಪ್ಯಾಡಿನ ಮುಖ ಚಪ್ಪಟೆಯಾಯಿತು, ಒಳಬದಿಗೆ ಮೊಣಕಾಲು ಕೂರಲು ಗಟ್ಟಿ ದಿಂಡು ಬಂತು, ಕಾಲಿನ ಸುತ್ತ ಪ್ಯಾಡು ಹೊರಳುವಂತಾಯಿತು. ಮೊಣಕಾಲೂರಿದ ಕ್ಷಣ ಅದರ ಇಡೀ ಮುಖ ಹೊಡೆಯುವವನ ಎದುರು ನಿಲ್ಲುತ್ತದೆ. ಹಾಲ್ ಮೈನೋವು ಸಹಿಸಿ ಮಾಡುತ್ತಿದ್ದದ್ದು ಸಾಧಾರಣ ಕೀಪರನ ಕೈಗೂ ಎಟುಕಿತು. 1980ರ ದಶಕದ ಮೊದಲ ಭಾಗದಲ್ಲಿ ಲೀಗಿನ ಕೀಪರುಗಳು ನೂರು ಹೊಡೆತಕ್ಕೆ ಸರಾಸರಿ 87-88 ತಡೆಯುತ್ತಿದ್ದರು. 2010ರ ದಶಕದಲ್ಲಿ ಅದು 91ರ ಮೇಲಿತ್ತು. 2005ರಲ್ಲಿ ಪ್ಯಾಡು ಕಿರಿದಾದಾಗ ಆ ಸಂಖ್ಯೆ ಸ್ವಲ್ಪ ಇಳಿದರೂ ಮುಂದಿನ ವರ್ಷಗಳಲ್ಲಿ ಮತ್ತೆ ಏರಿತು. ಅಗಲವೇ ಎಲ್ಲಕ್ಕೂ ಕಾರಣ ಎಂಬ ವಾದದಲ್ಲಿ ಇದಕ್ಕೆ ಉತ್ತರವಿಲ್ಲ.

ಹೊಸದನ್ನು ನಾನು ತೆಗಳುತ್ತಿಲ್ಲ. ಅಲೇರ್ ಶಾಲೆ ಈ ಆಟಕ್ಕೆ ವ್ಯವಸ್ಥಿತ ಪಾಠ ಕೊಟ್ಟಿತು. ನಿಂತು ಆಡುವ ಶೈಲಿ ಅಷ್ಟಕ್ಕೇ ಸಾಯಲೂ ಇಲ್ಲ. 1994ರಲ್ಲಿ ಕ್ಯಾಲ್ಗರಿ ವಿರುದ್ಧದ ಪ್ಲೇಆಫ್ ಸರಣಿಯ ಏಳನೆಯ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ವ್ಯಾಂಕೂವರಿನ ಕರ್ಕ್ ಮೆಕ್ಲೀನ್ ಅಡ್ಡಕ್ಕೆ ಜಾರಿ, ಪ್ಯಾಡು ಪೇರಿಸಿ, ರಾಬರ್ಟ್ ರೈಕೆಲ್‌ನ ಹೊಡೆತವನ್ನು ಪಾದದ ತುದಿಯಿಂದ ತಡೆದ. ತಂಡ ಆ ವರ್ಷ ಫೈನಲ್ ತಲುಪಿತು. 691 ಗೆಲುವುಗಳ ದಾಖಲೆ ಬರೆದ ಮಾರ್ಟಿನ್ ಬ್ರೋಡರ್ 2015ರಲ್ಲಿ ನಿವೃತ್ತನಾಗುವವರೆಗೂ ಎರಡು ಶೈಲಿಗಳನ್ನು ಬೆರೆಸಿಯೇ ಆಡಿದ. ಇತಿಹಾಸ ಬರೆಯುವವರು ಅವನನ್ನು ಅಪವಾದ ಎನ್ನುತ್ತಾರೆ. ಅತಿ ಹೆಚ್ಚು ಗೆದ್ದವನು ಅಪವಾದವಾದರೆ ನಿಯಮವನ್ನು ಮತ್ತೊಮ್ಮೆ ಪರಿಶೀಲಿಸುವುದು ಒಳ್ಳೆಯದು.

ಈ ಆಟದ ಚರಿತ್ರೆಯ ಬರಹಗಳಲ್ಲಿ ಬಿಟ್ಟುಹೋಗಿರುವುದು ಬಹಳ. ಮೊದಲನೆಯದು ಸೊಂಟ. ದಿನಕ್ಕೆ ನೂರಾರು ಸಲ ಮಂಡಿಯನ್ನು ಒಳಕ್ಕೆ ತಿರುಚಿ ಬೀಳುವ ಕೀಪರುಗಳಲ್ಲಿ ಸೊಂಟದ ಕೀಲು ಉಜ್ಜಿ ಸವೆಯುವ ತೊಂದರೆ ವೈದ್ಯರಿಗೆ ಪರಿಚಿತ. ಆದರೆ ಶೈಲಿಯ ಚರಿತ್ರೆಯಲ್ಲಿ ಅದರ ಅಧ್ಯಾಯವಿಲ್ಲ. ಎಳೆಯ ಮಕ್ಕಳನ್ನು ಮೊದಲ ದಿನವೇ ಮೊಣಕಾಲಿಗೆ ಇಳಿಸುವ ಶಿಬಿರಗಳನ್ನು ನೋಡುವಾಗ ಆ ಖಾಲಿ ಪುಟಗಳು ನನ್ನನ್ನು ಕಾಡುತ್ತವೆ. ಎರಡನೆಯದು ಹೊಲಿದವರ ತಿಳಿವು. ಯಾವ ದಿಂಡಿಗೆ ಎಷ್ಟು ಕೂದಲು, ಯಾವ ಹೊಲಿಗೆ ಮೊದಲು ಎನ್ನುವುದನ್ನು ಬರೆದಿಟ್ಟ ಪುಸ್ತಕ ನನ್ನ ಕೈಗಂತೂ ಸಿಕ್ಕಿಲ್ಲ. ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಪ್ಯಾಡಿನ ಹೊರಚರ್ಮ ಉಳಿಯುತ್ತದೆ, ಅಷ್ಟೇ. ಕೂದಲು ತುಂಬಿ ಬಲ್ಲವರು ಇನ್ನೂ ಕೆಲವರಿದ್ದಾರೆ. ಅವರ ಮುಂದೆ ಕೂತು ಕೇಳಿ ಬರೆದುಕೊಳ್ಳುವ ಕೆಲಸ ಈ ದಶಕ ದಾಟಿದರೆ ಆಗದು.

ಮೂರನೆಯದು ನಮ್ಮ ದೇಶದ್ದು. ಲಡಾಖಿನಲ್ಲಿ 1970ರ ದಶಕದಲ್ಲಿ ಸೈನಿಕರು ಬೂಟಿಗೆ ಬ್ಲೇಡು ಹೊಂದಿಸಿ ಆಡಿದ ಆಟ ಇಂದು ಅಲ್ಲಿನ ಹಳ್ಳಿಹಳ್ಳಿಯ ಚಳಿಗಾಲದ ಆಟ. ಭಾರತದ ಮಹಿಳಾ ತಂಡ 2025ರಲ್ಲಿ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು. ಆ ತಂಡದ ಹೆಚ್ಚಿನವರು ಲಡಾಖಿನವರು. ಅಲ್ಲಿನ ಮಕ್ಕಳಿಗೆ ಕೆನಡಾದಿಂದ ಬಳಸಿದ ಸಾಮಾನು ಹೋಗುತ್ತದೆ, ಅದರ ಬೆನ್ನಿಗೇ ಬಟರ್‌ಫ್ಲೈ ಪಾಠವೂ ಹೋಗುತ್ತದೆ. ಇನ್ನೊಬ್ಬರ ಕಾಲಿನ ಅಳತೆಗೆ ಮಾಡಿದ ಪ್ಯಾಡಿನಲ್ಲಿ ಮೊಣಕಾಲು ಒಳದಿಂಡಿನ ಮೇಲೆ ಸರಿಯಾಗಿ ಕೂರುವುದಿಲ್ಲ; ಕೂರದಿದ್ದರೆ ಪ್ಯಾಡು ಹೊರಳುವುದಿಲ್ಲ, ಗೋಡೆ ಏಳುವುದಿಲ್ಲ. ಅವರಿಗೆ ಮೊದಲು ಬೇಕಾದದ್ದು ಪ್ಲಾಂಟನ ಪಾಠ. ಎರಡು ಕಂಬಗಳಿಗೂ ಹಗ್ಗ ಕಟ್ಟಿ, ತುದಿಗಳೆರಡನ್ನೂ ಬಿಲ್ಲೆಯಿರುವ ಜಾಗದಲ್ಲಿ ಒಟ್ಟಿಗೆ ಹಿಡಿದು, ನಡುವೆ ಕೀಪರನನ್ನು ಮುಂದಕ್ಕೂ ಹಿಂದಕ್ಕೂ ಸರಿಸಿ ತೋರಿಸಬೇಕು. ಹಗ್ಗಗಳ ನಡುವಿನ ಜಾಗ ಮೈಯಿಂದ ತುಂಬುವ ಬಿಂದು ಎಲ್ಲಿದೆ ಎಂದು ಮಗು ಅಲ್ಲೇ ಕಂಡುಕೊಳ್ಳುತ್ತದೆ. ಅದಕ್ಕೆ ಯಾವ ಅಳತೆಯ ಪ್ಯಾಡಾದರೂ ನಡೆಯುತ್ತದೆ.